ಮನೆ ಕಾವಲಿಗೆ ಮಾಡ್ಯುಲರ್ ಪಂಪ್ ಕೋವಿ: ಕೊಳ್ಳುವ ಮೊದಲು ಏನೇನು ಪರೀಕ್ಷಿಸಬೇಕು

ಮಾಡ್ಯುಲರ್ ಪಂಪ್ ಆ್ಯಕ್ಷನ್ ಕೋವಿ ಎಂದು ಮಾರುವ ಬಂದೂಕುಗಳಲ್ಲಿ ಹೆಗಲಿಗೊರಗುವ ಬಟ್, ತೋಟಾ ಬದಲಿಸಲು ಹಿಂದೆ ಮುಂದೆ ಎಳೆಯುವ ಪಂಪ್ ಹಿಡಿ, ನಳಿಕೆ, ಟಾರ್ಚ್ ಮುಂತಾದ್ದು ಕಟ್ಟುವ ರೈಲ್, ಮ್ಯಾಗಜಿನ್ ಮುಚ್ಚಳ ಹೀಗೆ ಒಂದೊಂದನ್ನೂ ಬಿಚ್ಚಿ ಬೇರೆಯದನ್ನು ಕೂರಿಸಬಹುದು. ಒಂದೇ ಒಡಲಿಗೆ (ಟ್ರಿಗರ್ ಇರುವ ನಡುಭಾಗಕ್ಕೆ) ಉದ್ದ ನಳಿಕೆ ಹಾಕಿ ಹಕ್ಕಿ ಹೊಡೆಯಿರಿ, ಗಿಡ್ಡ ನಳಿಕೆ ಹಾಕಿ ಮನೆ ಕಾಯಿರಿ, ಗಂಡನಿಗೊಂದು ಬಟ್, ಹೆಂಡತಿಗೊಂದು ಬಟ್: ಇದು ಅಮೆರಿಕದ ಮಾರಾಟದ ಮಾತು. ಮೈಸೂರು, ಮಂಡ್ಯದಲ್ಲಿ ಈ ಮಾತಿನ ಅರ್ಧ ಕಾನೂನಿನ ಹೊಸ್ತಿಲಲ್ಲೇ ನಿಂತುಬಿಡುತ್ತದೆ. ಬೇಟೆ ನಿಷಿದ್ಧ, ಗಿಡ್ಡ ನಳಿಕೆಗೆ ತಡೆ, ಲೈಸೆನ್ಸ್ ಒಬ್ಬರ ಹೆಸರಿನದು. ಹಾಗಾಗಿ ಇಲ್ಲಿ ಕೊಳ್ಳುವವರು ಹೊರಗಿನ ಸಾಮಾನನ್ನು ಕೊನೆಗಿಟ್ಟು, ಒಡಲು ಮತ್ತು ಅದರೊಳಗೆ ತೋಟಾ ಓಡುವ ರೀತಿಯನ್ನು ಮೊದಲು ನೋಡಬೇಕು. ಸಿಕ್ಕಿಕೊಳ್ಳುವ ಕೋವಿಗೆ ಎಂಥ ರೈಲ್ ಹಾಕಿದರೂ ಅದು ಸಿಕ್ಕಿಕೊಳ್ಳುತ್ತಲೇ ಇರುತ್ತದೆ.

ಮೊದಲು ಕಾಗದ, ಆಮೇಲೆ ಕೋವಿ

ಮೈಸೂರು ನಗರದ ಒಳಗಿನವರಿಗೆ ಲೈಸೆನ್ಸ್ ಕೊಡುವವರು ಪೊಲೀಸ್ ಆಯುಕ್ತರು. ಜಿಲ್ಲೆಯ ಉಳಿದ ಭಾಗದವರಿಗೆ, ಮಂಡ್ಯದವರಿಗೆ ಜಿಲ್ಲಾಧಿಕಾರಿ. 1959ರ ಶಸ್ತ್ರಾಸ್ತ್ರ ಕಾಯ್ದೆ ಮತ್ತು 2016ರ ನಿಯಮಗಳ ಪ್ರಕಾರ ಅರ್ಜಿ ನಮೂನೆ ಎ-1ರಲ್ಲಿ ಸಲ್ಲಿಸಬೇಕು. ಅದರ ಜೊತೆಗೆ ವಿಳಾಸ ಮತ್ತು ವಯಸ್ಸಿನ ದಾಖಲೆ, ಆರೋಗ್ಯದ ಪ್ರಮಾಣಪತ್ರ, ಬಂದೂಕನ್ನು ಭದ್ರವಾಗಿ ಇಡುತ್ತೇನೆಂಬ ಮುಚ್ಚಳಿಕೆ ಇರಬೇಕು. ಅರ್ಜಿ ಹಾಕಿದವರ ಬಗ್ಗೆ ಠಾಣೆಯಿಂದ ವರದಿ ತರಿಸಿಕೊಳ್ಳುತ್ತಾರೆ. 2019ರ ತಿದ್ದುಪಡಿಯ ನಂತರ ಒಬ್ಬರಿಗೆ ಎರಡೇ ಬಂದೂಕು, ಲೈಸೆನ್ಸ್ ಅವಧಿ 5 ವರ್ಷ. ಕೊಡಗಿನ ನೆಂಟರ ಮನೆಯಲ್ಲಿ ಲೈಸೆನ್ಸ್ ಇಲ್ಲದ ಕೋವಿ ಕಂಡು ನಮಗೂ ಹಾಗೇ ಅಂದುಕೊಳ್ಳುವವರಿದ್ದಾರೆ. ಆ ವಿನಾಯಿತಿ ಅಲ್ಲಿಯ ಕೊಡವರಿಗೆ ಮತ್ತು ಜಮ್ಮಾ ಎಂಬ ವಂಶಪಾರಂಪರ್ಯ ಭೂಮಿಯ ಹಿಡುವಳಿದಾರರಿಗೆ ಸೇರಿದ್ದು, ಪಿರಿಯಾಪಟ್ಟಣದವರಿಗೂ ಹುಣಸೂರಿನವರಿಗೂ ಅನ್ವಯಿಸುವುದಿಲ್ಲ.

ನಳಿಕೆಯ ಉದ್ದವನ್ನು ಟೇಪ್ ಹಿಡಿದೇ ಅಳೆಯಿರಿ. ವಿದೇಶಿ ಬರಹಗಳಲ್ಲಿ ಮನೆ ಕಾವಲಿಗೆ ಹೊಗಳುವುದು 18 ಅಥವಾ 18.5 ಇಂಚಿನ ನಳಿಕೆಯನ್ನು. ನಮ್ಮಲ್ಲಿ 20 ಇಂಚಿಗಿಂತ ಗಿಡ್ಡ ನಳಿಕೆಯ ಕೋವಿ ಸಾಮಾನ್ಯ 12 ಬೋರ್ (ಬೋರ್ ಎಂದರೆ ನಳಿಕೆಯ ಒಳ ಅಗಲದ ಅಳತೆ) ಲೈಸೆನ್ಸಿನ ವರ್ಗಕ್ಕೆ ಬರುವುದಿಲ್ಲ. ಪಂಪನ್ನು ಪೂರ್ತಿ ಮುಂದಕ್ಕೆ ತಳ್ಳಿ ಮುಚ್ಚಿ, ನಳಿಕೆಯ ಹಿಂಬಾಯಿ ಮುಚ್ಚುವ ಬೋಲ್ಟಿನ ಮುಖದಿಂದ ನಳಿಕೆಯ ಬಾಯಿಯವರೆಗೆ ಅಳೆಯಬೇಕು. ಅಳತೆ ತೆಗೆಯಲು ಕೋಲು ಇಳಿಸುವ ಮುನ್ನ ಕೋವಿ ಖಾಲಿ ಇರುವುದು ಖಾತ್ರಿಯಾಗಿರಲಿ. ಉದ್ದ ನಳಿಕೆ ತಂದು ಲೇತ್ ಅಂಗಡಿಯಲ್ಲಿ ಕತ್ತರಿಸಿಕೊಳ್ಳೋಣ ಎಂಬ ಯೋಚನೆ ಬೇಡ, ಅದು ಕಾಯ್ದೆಯ 6ನೇ ಕಲಮಿನಡಿ ನೇರ ಅಪರಾಧ. ಬಂದೂಕಿನ ಬಿಡಿಭಾಗಗಳೂ ಕಾಯ್ದೆಯ ವ್ಯಾಖ್ಯೆಯೊಳಗೇ ಬರುತ್ತವೆ. ಹೆಚ್ಚುವರಿ ನಳಿಕೆಯನ್ನು ಕೊರಿಯರ್‌ನಲ್ಲಿ ತರಿಸಿ ಬೀರುವಿನಲ್ಲಿ ಇಡುವಂತಿಲ್ಲ. ಲೈಸೆನ್ಸ್ ಇರುವ ಡೀಲರ್ ಮೂಲಕವೇ ತರಿಸಿ, ಲೈಸೆನ್ಸಿನಲ್ಲಿ ಸೇರಿಸುವ ಬಗ್ಗೆ ಕಚೇರಿಯಲ್ಲಿ ಮೊದಲೇ ವಿಚಾರಿಸಿ.

ಸಾಮಾನ್ಯರಿಗೆ ಬಂದೂಕಿನ ಆಮದು 1980ರ ದಶಕದಿಂದ ಮುಚ್ಚಿದೆ. ಹಾಗಾಗಿ ರೆಮಿಂಗ್ಟನ್ 870, ಮಾಸ್‌ಬರ್ಗ್ 500 ಇಲ್ಲಿ ಕಣ್ಣಿಗೆ ಬಿದ್ದರೆ ಬಹುಪಾಲು ಹಳೆಯವು, ಬೆಲೆಯೂ ಗಗನಕ್ಕೆ. ತಿರುಚಿರಾಪಳ್ಳಿಯ ಸರ್ಕಾರಿ ಕಾರ್ಖಾನೆಯ 12 ಬೋರ್ ಪಂಪ್ ಕೋವಿ ಮತ್ತು ಖಾಸಗಿ ತಯಾರಕರ ಕೋವಿಗಳು ಉಳಿದ ಆಯ್ಕೆ. ಮುಂದೆ ಹೇಳುವ ಪರೀಕ್ಷೆಗಳು ಎಲ್ಲಕ್ಕೂ ಒಂದೇ.

ಖಾಲಿ ಮಾಡುವುದು

ಸೇಫ್ಟಿ ಹಾಕಿ, ನಳಿಕೆಯ ಬಾಯನ್ನು ಗಟ್ಟಿ ಗೋಡೆಯ ಕಡೆ ತಿರುಗಿಸಿ. ಟ್ರಿಗರ್ ಗಾರ್ಡಿನ ಬಳಿ ಇರುವ ಬಿಡುಗಡೆ ಗುಂಡಿ ಒತ್ತಿ ಪಂಪನ್ನು ಪೂರ್ತಿ ಹಿಂದಕ್ಕೆಳೆಯಿರಿ. ಈಗ ಎರಡು ಕಡೆ ನೋಡಬೇಕು: ನಳಿಕೆಯ ಚೇಂಬರ್ (ಹೊಡೆಯುವ ತೋಟಾ ಕೂರುವ ಜಾಗ) ಮತ್ತು ತೋಟಾ ತುಂಬಿಡುವ ಮ್ಯಾಗಜಿನ್ ಕೊಳವೆಯ ಬಾಯಿ. ಕಣ್ಣಿನಿಂದ ನೋಡಿದರೆ ಸಾಲದು, ಕಿರುಬೆರಳು ಹಾಕಿ ಮುಟ್ಟಿ. ಕೊಳವೆಯ ಬಾಯಲ್ಲಿ ತೋಟಾಗಳನ್ನು ತಳ್ಳುವ ಬಣ್ಣದ ಪ್ಲಾಸ್ಟಿಕ್ ಫಾಲೋವರ್ ಬೆರಳಿಗೆ ಸಿಗಬೇಕು. ಅದು ಸಿಗದೆ ತೋಟಾದ ಹಿತ್ತಾಳೆ ತಳ ತಾಗಿದರೆ ಕೋವಿ ಇನ್ನೂ ತುಂಬಿದೆ ಎಂದರ್ಥ. ಪಂಪ್ ಕೋವಿಯಲ್ಲಿ ಅಪಘಾತಗಳು ಆಗುವುದೇ ಹೀಗೆ: ಚೇಂಬರಿನದು ಬಿತ್ತು, ಆದರೆ ಕೊಳವೆಯೊಳಗಿನದು ಮರೆತುಹೋಯಿತು, ಪಂಪ್ ಮುಚ್ಚಿದಾಗ ಅದು ಮೇಲೇರಿ ಕೂತಿತು.

ಒಡಲು, ಬೀಗ, ಟ್ರಿಗರ್

ನಳಿಕೆ ಬಿಚ್ಚಿ ಟ್ಯೂಬ್‌ಲೈಟಿನ ಕಡೆ ಹಿಡಿದು ಒಳಗೆ ನೋಡಿ. ಬೆಳಕಿನ ಗೆರೆ ನೇರವಾಗಿ ಓಡಬೇಕು. ಒಂದು ಕಡೆ ಬಳೆಯಂತೆ ಕಪ್ಪು ನೆರಳು ಕಂಡರೆ ಅಲ್ಲಿ ನಳಿಕೆ ಉಬ್ಬಿದೆ, ಯಾವತ್ತೋ ಒಳಗೆ ಏನೋ ಸಿಕ್ಕಿರುವಾಗ ಹೊಡೆದಿದ್ದಾರೆ. ಅಂಥದ್ದನ್ನು ಅರ್ಧ ಬೆಲೆಗೂ ಮುಟ್ಟಬೇಡಿ. ಚೇಂಬರಿನೊಳಗೆ ತುಕ್ಕಿನ ಗುಳಿಗಳಿದ್ದರೆ ಹೊಡೆದ ತೋಟಾ ಅದಕ್ಕೆ ಕಚ್ಚಿಕೊಂಡು ಹೊರಗೆ ಬರಲು ಹಟ ಮಾಡುತ್ತದೆ. ಪ್ರೂಫ್ ಮುದ್ರೆ (ಒತ್ತಡದ ಪರೀಕ್ಷೆ ಪಾಸಾದ ಗುರುತು), ಕ್ರಮಸಂಖ್ಯೆ ಸ್ಪಷ್ಟವಾಗಿರಲಿ. ಸಂಖ್ಯೆಯನ್ನು ಉಜ್ಜಿ ಮತ್ತೆ ಕೊರೆದ ಗುರುತು ಕಂಡರೆ ಅಲ್ಲಿಗೇ ನಮಸ್ಕಾರ ಹೇಳಿ ಬನ್ನಿ.

ಪಂಪ್ ಹಿಡಿಯಿಂದ ಬೋಲ್ಟಿಗೆ ಹೋಗುವ ಪಟ್ಟಿಗಳು ಎರಡಿದ್ದರೆ ಒಳ್ಳೆಯದು. ಒಂದೇ ಪಟ್ಟಿಯ ಕೋವಿಯಲ್ಲಿ ಗಾಬರಿಯಿಂದ ಓರೆಯಾಗಿ ಎಳೆದಾಗ ಪಂಪ್ ತಿರುಚಿಕೊಳ್ಳುತ್ತದೆ. ಪಟ್ಟಿಗಳನ್ನು ಗಾಜಿನ ಮೇಜಿಗೆ ಒತ್ತಿಟ್ಟರೆ ಬಾಗಿದೆಯೋ ಇಲ್ಲವೋ ಗೊತ್ತಾಗುತ್ತದೆ.

ಬೀಗದ ಪರೀಕ್ಷೆ ಸುಲಭ. ಖಾಲಿ ಕೋವಿಯ ಪಂಪ್ ಮುಚ್ಚಿ, ಬಿಡುಗಡೆ ಗುಂಡಿ ಒತ್ತದೆ ಗಟ್ಟಿಯಾಗಿ ಹಿಂದಕ್ಕೆಳೆಯಿರಿ, ತೆರೆಯಬಾರದು. ಸೇಫ್ಟಿ ಹಾಕಿ ಟ್ರಿಗರ್ ಬಲವಾಗಿ ಒತ್ತಿ, ಬೆರಳು ತೆಗೆದು, ಆಮೇಲೆ ಸೇಫ್ಟಿ ಬಿಡಿಸಿ. ಆ ಹೊತ್ತಿಗೆ ಹ್ಯಾಮರ್ (ಫೈರಿಂಗ್ ಪಿನ್ನಿಗೆ ಬಡಿಯುವ ಒಳಗಿನ ಸುತ್ತಿಗೆ) ಬಿದ್ದರೆ ಸೇಫ್ಟಿ ಸವೆದಿದೆ. ಮುಂದಿನದು ಡಮ್ಮಿ (ಮದ್ದಿಲ್ಲದ ನಕಲಿ) ತೋಟಾ ಹಾಕಿ ಮಾಡುವುದು: ಟ್ರಿಗರ್ ಒತ್ತಿ ಹಿಡಿದುಕೊಂಡೇ ಪಂಪ್ ಎಳೆದು ಮುಚ್ಚಿ. ಈಗಿನ ವಿನ್ಯಾಸದ ಕೋವಿಯಲ್ಲಿ ಹ್ಯಾಮರ್ ಬೀಳಬಾರದು, ಟ್ರಿಗರ್ ಬಿಟ್ಟು ಮತ್ತೆ ಒತ್ತಿದಾಗಲೇ ಬೀಳಬೇಕು. ಕೆಲವು ಬಹಳ ಹಳೆಯ ಮಾದರಿಗಳು ಪಂಪ್ ಮುಚ್ಚಿದ ಕೂಡಲೇ ಹಾರುತ್ತವೆ. ಸಂಗ್ರಹಕಾರರಿಗೆ ಅದು ಖುಷಿಯಿರಬಹುದು, ಮನೆಯಲ್ಲಿಡಲು ತರವಲ್ಲ.

ಇನ್ನೊಂದು ವಿಷಯ. ಬಹುಪಾಲು ಪಂಪ್ ಕೋವಿಗಳ ಸೇಫ್ಟಿ ತಡೆಯುವುದು ಟ್ರಿಗರನ್ನು ಮಾತ್ರ. ಚೇಂಬರಿನಲ್ಲಿ ತೋಟಾ ಇದ್ದು ಕೋವಿ ಕೆಳಗೆ ಬಿದ್ದರೆ ಹಾರುವ ಸಾಧ್ಯತೆ ಉಳಿದೇ ಇರುತ್ತದೆ. ಅದಕ್ಕೇ ಮನೆಯಲ್ಲಿ ಚೇಂಬರ್ ಯಾವಾಗಲೂ ಖಾಲಿ ಇರಬೇಕು.

ಐದು ಡಮ್ಮಿ ತೋಟಾಗಳ ಪರೀಕ್ಷೆ

ಇಡೀ ಪರಿಶೀಲನೆಯಲ್ಲಿ ಒಂದಕ್ಕೇ ಸಮಯವಿದ್ದರೆ ಇದನ್ನು ಮಾಡಿ. 12 ಬೋರಿನ ಐದು ಡಮ್ಮಿ ತೋಟಾ ಬೇಕು. ನಿಜವಾದ ತೋಟಾಗಳನ್ನು ಆ ಕೋಣೆಯಿಂದ ಹೊರಗಿಡಿ. ಡಮ್ಮಿಯ ತಳದ ಅಂಚು ಅಸಲಿ ತೋಟಾದಷ್ಟೇ ದಪ್ಪವಿರಬೇಕು. ಬರೀ ಪ್ಲಾಸ್ಟಿಕ್ಕಿನ ಅಗ್ಗದ ಡಮ್ಮಿಯ ಅಂಚು ಬೇಗ ಸವೆದು, ಕೋವಿಯಲ್ಲಿ ಇಲ್ಲದ ದೋಷವನ್ನು ಇದೆ ಎಂದು ತೋರಿಸುತ್ತದೆ.

ಒಂದೊಂದಾಗಿ ಕೊಳವೆಗೆ ತಳ್ಳಿ. ಪ್ರತಿಯೊಂದೂ ಒಳಹೋದಾಗ ತೋಟಾ ವಾಪಸು ಬಾರದಂತೆ ಹಿಡಿಯುವ ತಡೆಕೊಂಡಿ ಟಕ್ ಎಂದು ಕೂರುವುದು ಹೆಬ್ಬೆರಳಿಗೆ ಗೊತ್ತಾಗಬೇಕು. ಬೆರಳು ತೆಗೆದ ಕೂಡಲೇ ತೋಟಾ ವಾಪಸು ಜಾರಿ ಬಂದರೆ ಕೊಂಡಿ ಸವೆದಿದೆ ಅಥವಾ ಸಡಿಲವಾಗಿದೆ. ಆಮೇಲೆ ಪಂಪ್ ಓಡಿಸಿ: ಮೊದಲು ಬಹಳ ನಿಧಾನ, ಆಮೇಲೆ ಜೋರು. ಕೋವಿ ನೆಟ್ಟಗೆ, ಎಡಕ್ಕೆ ಓರೆ, ಬಲಕ್ಕೆ ಓರೆ, ಕೊನೆಗೆ ತಲೆಕೆಳಗು. ನಾಲ್ಕೂ ಭಂಗಿಯಲ್ಲಿ ಐದೈದು ತೋಟಾ, ಒಟ್ಟು ಇಪ್ಪತ್ತು ಸಲ. ಒಂದೂ ಸಿಕ್ಕಬಾರದು.

ಸಿಕ್ಕಿದರೆ ಎಲ್ಲಿ ಸಿಕ್ಕಿತು ಎನ್ನುವುದೇ ರೋಗ ಹೇಳುತ್ತದೆ. ಒಂದರ ಬದಲು ಎರಡು ತೋಟಾ ಕೊಳವೆಯಿಂದ ಹೊರಬಂದು ಎತ್ತುಗದ (ತೋಟಾವನ್ನು ಮೇಲೆತ್ತುವ ತಟ್ಟೆಯ) ಅಡಿ ತುರುಕಿಕೊಂಡರೆ ತಡೆಕೊಂಡಿಯ ತಪ್ಪು. ತೋಟಾದ ಮೂತಿ ಚೇಂಬರಿನ ಬಾಯಿಗೆ ಏರದೆ ಕೆಳಗೇ ಗುದ್ದಿದರೆ ಎತ್ತುಗದ ಸ್ಪ್ರಿಂಗ್ ಸೋತಿದೆ ಅಥವಾ ಅಲ್ಲಿ ಗ್ರೀಸ್ ಹೆಪ್ಪುಗಟ್ಟಿದೆ. ಖಾಲಿ ತೋಟಾ ಚೇಂಬರಿನಲ್ಲೇ ಉಳಿದರೆ ಎಳೆಯುವ ಉಗುರು ಸವೆದಿದೆ, ಹೊರಬಂದು ಕಿಟಕಿಯಲ್ಲೇ ನಿಂತರೆ ಹೊರದೂಡುವ ಸ್ಪ್ರಿಂಗ್ ಸೋತಿದೆ. ಕೊನೆಯ ತೋಟಾ ಮಾತ್ರ ಹೊರಗೆ ಬರಲು ಸೋಮಾರಿತನ ತೋರಿದರೆ ಮ್ಯಾಗಜಿನ್ ಸ್ಪ್ರಿಂಗ್ ಕುಗ್ಗಿದೆ. ಇದು ಅಗ್ಗದ ಭಾಗ, ಅಷ್ಟಕ್ಕೆ ಕೋವಿ ಬೇಡವೆನ್ನಬೇಕಿಲ್ಲ. ಆದರೆ ತಡೆಕೊಂಡಿಯ ದೋಷವಿರುವುದನ್ನು ಅಂಗಡಿಯವರು ಸರಿಪಡಿಸಿ, ನಿಮ್ಮೆದುರೇ ಇನ್ನೊಮ್ಮೆ ಇಪ್ಪತ್ತು ಸಲ ಓಡಿಸಿ ತೋರಿಸಲಿ.

ಎಲ್ಲ ತೊಡಕೂ ಕೋವಿಯದಲ್ಲ. ಪಂಪನ್ನು ಕೊನೆಮುಟ್ಟ ಎಳೆಯದೆ ಅರ್ಧದಿಂದಲೇ ತಳ್ಳುವುದು ಹೊಸಬರು ಯಾವಾಗಲೂ ಮಾಡುವ ತಪ್ಪು. ಆಗ ಖಾಲಿ ತೋಟಾ ಹೊರಬೀಳದು, ಅಥವಾ ಹೊಸದು ಕೊಳವೆಯಿಂದ ಬಾರದು, ಟ್ರಿಗರ್ ಒತ್ತಿದರೆ ಬರೀ ಟಿಕ್. ಬಟ್ ಉದ್ದವಾದಷ್ಟೂ ಈ ತಪ್ಪು ಹೆಚ್ಚು, ಕೈ ಪಂಪಿನ ತುದಿಗೆ ಎಟುಕುವುದಿಲ್ಲ.

ಮೈಗೆ ಹೊಂದುತ್ತದೆಯೇ

ಮಾಡ್ಯುಲರ್ ಕೋವಿಗೆ ಹೆಚ್ಚು ದುಡ್ಡು ಕೊಡುವುದು ಸಾರ್ಥಕವಾಗುವ ಜಾಗ ಇದೊಂದೇ. ಕಾರ್ಖಾನೆಯ ಬಟ್ಟುಗಳಲ್ಲಿ ಟ್ರಿಗರಿನಿಂದ ಬಟ್ಟಿನ ತುದಿಯವರೆಗೆ ಸುಮಾರು 14 ಇಂಚು ಇರುತ್ತದೆ. ಐದೂವರೆ ಅಡಿಯ ಆಸುಪಾಸಿನವರಿಗೆ ಇದು ಉದ್ದವಾಯಿತು, 12.5ರಿಂದ 13 ಇಂಚು ಹಿತ. ಮೊಣಕೈ ಮಡಚಿ, ಬಟ್ಟಿನ ತುದಿಯನ್ನು ಮಡಿಕೆಗಿಟ್ಟರೆ ತೋರುಬೆರಳು ಟ್ರಿಗರಿಗೆ ಆರಾಮವಾಗಿ ಎಟುಕಬೇಕು. ಹೆಗಲಿಗೇರಿಸಿದಾಗ ಹೆಬ್ಬೆರಳ ಗೆಣ್ಣಿಗೂ ಮೂಗಿಗೂ ಎರಡು ಬೆರಳು ಅಂತರವಿರಲಿ, ಇಲ್ಲದಿದ್ದರೆ ಒದೆತಕ್ಕೆ ಮೂಗು ಸಿಕ್ಕೀತು. ಕಣ್ಣು ಮುಚ್ಚಿ ಹೆಗಲಿಗೇರಿಸಿ ಕಣ್ಣು ತೆರೆಯಿರಿ: ನಳಿಕೆಯ ತುದಿಯ ಗುರಿಮಣಿ ಒಡಲ ಬೆನ್ನಿನ ನೇರದಲ್ಲಿ ಕಾಣಬೇಕು. ಒಡಲೇ ಮಣಿಯನ್ನು ಮರೆಮಾಡಿದರೆ ಕೆನ್ನೆಯಾಸರೆ ಎತ್ತರಿಸಬೇಕು.

ಅಳತೆ ನೋಡಬೇಕಾದ್ದು ಲೈಸೆನ್ಸ್‌ದಾರರದು ಮಾತ್ರ. ಮನೆಯ ಇತರರೂ ಬಳಸಲಿ ಎಂದು ಎರಡು ಬಟ್ ಕೊಳ್ಳುವುದು ದಂಡ, ಅವರ ಕೈಗೆ ಅದು ಹೋಗುವುದೇ ಲೈಸೆನ್ಸ್ ಉಲ್ಲಂಘನೆ.

ಖಾಲಿ ಕೋವಿ 3 ಕಿಲೋ ಆಚೀಚೆ ತೂಗುತ್ತದೆ. ಐದು ತೋಟಾ ಸೇರಿದರೆ ಇನ್ನೊಂದು ಕಾಲು ಕಿಲೋ. ಮುಂದೆ ಟಾರ್ಚ್, ಉದ್ದ ಕೊಳವೆ, ರೈಲ್ ಎಂದು ತುಂಬಿದರೆ ಮೂತಿ ಭಾರ. ಹೆಗಲಿಗೇರಿಸಿ ಒಂದು ನಿಮಿಷ ನಿಂತು ನೋಡಿ, ತೋಳು ನಡುಗಿದರೆ ಆ ಸಾಮಾನು ಬೇಡ.

ಬದಲಿಸುವ ಭಾಗಗಳಲ್ಲಿ ಯಾವುದು ಬೇಕು

ಒದೆತ ತಗ್ಗಿಸುವ ರಬ್ಬರ್ ಪ್ಯಾಡ್ ಬೇಕು. ಬಟ್ ಇಲ್ಲದ ಬರೀ ಪಿಸ್ತೂಲು ಹಿಡಿ ಬೇಡ: 12 ಬೋರಿನ ಒದೆತ ಮಣಿಕಟ್ಟಿಗೆ ಬೀಳುತ್ತದೆ, ಗುರಿ ಎಲ್ಲೋ ಹೋಗುತ್ತದೆ. ಗುಂಡಿ ಒತ್ತಿ ಕಳಚುವ ಬಟ್ಟಿನಲ್ಲಿ ಕೂರುವ ಜಾಗದ ಅಲುಗಾಟ ನೋಡಿ. ಸ್ಕ್ರೂಗಳ ತಲೆಯಿಂದ ಒಡಲಿಗೆ ಉಗುರುಬಣ್ಣದ ಗೆರೆ ಎಳೆದು, ರೇಂಜಿನಲ್ಲಿ 25 ತೋಟಾ ಹೊಡೆದ ಮೇಲೆ ಗೆರೆ ಮುರಿದಿದೆಯೇ ಗಮನಿಸಿ.

ಒಡಲ ಪಕ್ಕ ತೋಟಾ ಸಿಕ್ಕಿಸುವ ಪಟ್ಟಿಯಲ್ಲಿ ಒಂದು ಗುಟ್ಟಿದೆ. ಅದನ್ನು ಟ್ರಿಗರ್ ಜೋಡಣೆಯ ಪಿನ್ ಜಾಗದಲ್ಲಿ ಸ್ಕ್ರೂ ಹಾಕಿ ಕೂರಿಸುತ್ತಾರೆ. ಸ್ಕ್ರೂ ಅತಿಯಾಗಿ ಬಿಗಿದರೆ ಒಡಲ ಎರಡೂ ಕೆನ್ನೆಗಳು ಒಳಕ್ಕೆ ಒತ್ತಿ ಪಂಪ್ ಬಿಗಿಯಾಗುತ್ತದೆ. ಪಟ್ಟಿ ಹಾಕಿದ ಮೇಲೆ ಪಂಪ್ ಭಾರವಾಯಿತು ಅನ್ನಿಸಿದರೆ ಕಾಲು ಸುತ್ತು ಸಡಿಲಿಸಿ ನೋಡಿ, ಅರ್ಧ ದೂರು ಅಲ್ಲೇ ಮುಗಿಯುತ್ತದೆ. ಮ್ಯಾಗಜಿನ್ ಉದ್ದ ಮಾಡುವ ಕೊಳವೆ ಮನೆಗೆ ಅನಗತ್ಯ, ಜೋಡಣೆಯ ಬಾಯಲ್ಲಿ ಫಾಲೋವರ್ ಸಿಕ್ಕಿಕೊಳ್ಳುವ ಹೊಸ ತೊಂದರೆ ತರುತ್ತದೆ.

ಟಾರ್ಚ್ ಮಾತ್ರ ಯೋಚಿಸಬೇಕಾದದ್ದು. ಪಂಪಿಗೆ ಎರಡೂ ಕೈ ಬೇಕು, ಕರೆಂಟ್ ಹೋದಾಗ ಇನ್ನೊಂದು ಕೈಯಲ್ಲಿ ಟಾರ್ಚ್ ಹಿಡಿಯಲಾಗದು. ಹಾಗೆಂದು ಕೋವಿಗೆ ಕಟ್ಟಿದ ಟಾರ್ಚಿನಿಂದ ಮನೆಯೆಲ್ಲ ಹುಡುಕಿದರೆ, ನೀರು ಕುಡಿಯಲು ಎದ್ದ ಮಗನ ಎದೆಗೇ ನಳಿಕೆ ತಿರುಗಿರುತ್ತದೆ. ಇನ್ವರ್ಟರಿಗೆ ಜೋಡಿಸಿದ ಹಜಾರದ ದೀಪ, ಅಂಗಳದ ಸೆನ್ಸರ್ ದೀಪ ಇವಕ್ಕೇ ಮೊದಲ ದುಡ್ಡು ಹಾಕಿ.

ತೋಟಾ, ಚರೆ, ಹರಡುವಿಕೆ

ನಳಿಕೆಯ ಮೇಲೆ ಕೊರೆದಿರುವ ಚೇಂಬರ್ ಉದ್ದ ಓದಿ: 65, 70 ಅಥವಾ 76 ಮಿ.ಮೀ. ತೋಟಾದ ಮೇಲಿನ ಉದ್ದ ಹೊಡೆದು ಬಾಯಿ ಬಿಚ್ಚಿಕೊಂಡ ಮೇಲಿನದು. ಅದಕ್ಕೇ 70ರ ತೋಟಾ 65ರ ಚೇಂಬರಿಗೆ ಸಲೀಸಾಗಿ ಹೋಗುತ್ತದೆ, ಆದರೆ ಹೊಡೆದಾಗ ಬಾಯಿ ಬಿಚ್ಚಲು ಜಾಗ ಸಾಲದೆ ಒತ್ತಡ ಏರುತ್ತದೆ. ಅದಕ್ಕಿಂತ ಅಪಾಯಕಾರಿ 20 ಬೋರಿನ ತೋಟಾ 12 ಬೋರಿಗೆ ಬೀಳುವುದು. ಅದು ನಳಿಕೆಯೊಳಗೆ ಜಾರಿ ನಿಲ್ಲುತ್ತದೆ, ಚೇಂಬರ್ ಖಾಲಿ ಕಾಣುತ್ತದೆ, ಹಿಂದಿನಿಂದ 12 ಬೋರ್ ಹೊಡೆದರೆ ನಳಿಕೆ ಸಿಡಿಯುತ್ತದೆ. ಎರಡು ಬೋರಿನ ತೋಟಾ ಒಂದೇ ಮನೆಯಲ್ಲಿ ಇರಬಾರದು.

ಚರೆಯ (ತೋಟಾದಿಂದ ಹಾರುವ ಸಣ್ಣ ಗುಂಡುಗಳ) ಹರಡುವಿಕೆಯನ್ನು ಅನುಮತಿ ಇರುವ ಶೂಟಿಂಗ್ ರೇಂಜಿನಲ್ಲೇ ನೋಡಬೇಕು. ತೋಟದಲ್ಲಿ, ಗದ್ದೆ ಬದುವಿನಲ್ಲಿ ಹೊಡೆದು ನೋಡುವುದು ಬೇಡ. ಅಜಾಗರೂಕತೆಯ ಅಥವಾ ಸಂಭ್ರಮದ ಗುಂಡಿಗೆ 2 ವರ್ಷದವರೆಗೆ ಜೈಲು, 1 ಲಕ್ಷದವರೆಗೆ ದಂಡ, ಅಥವಾ ಎರಡೂ ಆಗಬಹುದು. ದೊಡ್ಡ ಕಾಗದದ ಹಾಳೆ ಕಟ್ಟಿ 3, 5, 8 ಮೀಟರಿನಿಂದ ಒಂದೊಂದು ಹೊಡೆಯಿರಿ. ಚೋಕ್ (ನಳಿಕೆಯ ಬಾಯಿಯನ್ನು ಕಿರಿದಾಗಿಸುವ ಭಾಗ) ಇಲ್ಲದ ನಳಿಕೆಯಲ್ಲಿ ಪ್ರತಿ ಗಜಕ್ಕೆ ಸುಮಾರು ಒಂದು ಇಂಚು ಹರಡುತ್ತದೆ ಎನ್ನುವುದು ಅಂದಾಜು ಲೆಕ್ಕ. ಅಂದರೆ 10×12 ಅಡಿಯ ಕೋಣೆಯಲ್ಲಿ ಚರೆಯೆಲ್ಲ ಒಂದು ಮುಷ್ಟಿಯಷ್ಟು ಜಾಗದಲ್ಲೇ ಹೋಗುತ್ತದೆ. ‘ಕೋವಿಗೆ ಗುರಿ ಇಡಬೇಕಿಲ್ಲ, ಆ ಕಡೆ ತಿರುಗಿಸಿದರೆ ಸಾಕು’ ಎನ್ನುವವರ ಮಾತು ಆ ಹಾಳೆಯ ಮುಂದೆ ನಿಲ್ಲುವುದಿಲ್ಲ.

ಎಲ್‌ಜಿ, ಎಸ್‌ಜಿ ಎಂಬವು ದಪ್ಪ ಚರೆಗಳು, ಅಂಕಿಯ ಹೆಸರಿನವುಗಳಲ್ಲಿ ಅಂಕಿ ಹೆಚ್ಚಿದಂತೆ ಚರೆ ಸಣ್ಣದು. ಯಾವುದನ್ನು ಆರಿಸಿದರೂ ನಿಮ್ಮ ಕೋವಿಯಲ್ಲಿ ಅದೇ ಹೆಸರಿನ 25 ತೋಟಾ ಒಂದೂ ಸಿಕ್ಕದೆ ಓಡಿದ ಮೇಲೆ ನಂಬಿ. ಉಕ್ಕಿನ ತಳದ ಅಗ್ಗದ ತೋಟಾ ಕೆಲವು ಚೇಂಬರುಗಳಲ್ಲಿ ಕಚ್ಚಿಕೊಳ್ಳುತ್ತದೆ. ಟ್ರಿಗರ್ ಒತ್ತಿಯೂ ಹಾರದಿದ್ದರೆ ಕೋವಿಯನ್ನು ಗುರಿಯ ಕಡೆಯೇ ಹಿಡಿದು 30 ಸೆಕೆಂಡು ಕಾಯಿರಿ, ತಡವಾಗಿ ಹಾರುವುದುಂಟು. ಕೊಳ್ಳಬಹುದಾದ ಮತ್ತು ಒಮ್ಮೆಗೆ ಇಟ್ಟುಕೊಳ್ಳಬಹುದಾದ ತೋಟಾಗಳ ಮಿತಿ ಲೈಸೆನ್ಸಿನಲ್ಲೇ ಬರೆದಿರುತ್ತದೆ. ಅಭ್ಯಾಸಕ್ಕೆ ಹೊಡೆದದ್ದೂ ಆ ಲೆಕ್ಕಕ್ಕೇ.

ಮನೆಯನ್ನೂ ಅಳೆಯಿರಿ

20 ಇಂಚು ನಳಿಕೆಯ ಕೋವಿ ಒಟ್ಟು ಒಂದು ಮೀಟರ್ ಉದ್ದ. ಎರಡೂವರೆ ಅಡಿ ಬಾಗಿಲಿನಲ್ಲಿ, ಮೆಟ್ಟಿಲ ತಿರುವಿನಲ್ಲಿ ಖಾಲಿ ಕೋವಿ ಹಿಡಿದು ತಿರುಗಿ ನೋಡಿ. ಬಾಗಿಲಾಚೆ ನಳಿಕೆ ಮೊದಲು ಹೋಗುವ ಮನೆಯಲ್ಲಿ ಓಡಾಡುವುದಕ್ಕಿಂತ, ಎಲ್ಲರೂ ಒಂದು ಕೋಣೆ ಸೇರಿ ಚಿಲಕ ಹಾಕಿ 112ಕ್ಕೆ ಫೋನ್ ಮಾಡಿ ಕಾಯುವುದೇ ಸರಿ.

ಗುರಿ ತಪ್ಪಿದರೆ ಚರೆ ಎಲ್ಲಿಗೆ ಹೋಗುತ್ತದೆ? ಹಲಗೆ ಬಾಗಿಲು, ಜಿಪ್ಸಮ್ ಪಾರ್ಟಿಷನ್, ಶೀಟು, ಕಿಟಕಿ ಗಾಜು ಇವು ದಪ್ಪ ಚರೆಗೆ ಲೆಕ್ಕಕ್ಕಿಲ್ಲ. ಇಟ್ಟಿಗೆ ಗೋಡೆ ಸಾಮಾನ್ಯವಾಗಿ ತಡೆಯುತ್ತದೆ, ಗ್ರಾನೈಟ್ ನೆಲ ಚರೆಯನ್ನು ಪುಟಿಸುತ್ತದೆ. ಮೈಸೂರಿನ ವಠಾರಗಳಲ್ಲಿ ಬಾಗಿಲಿಗೆ ಎದುರಾಗಿ ಇನ್ನೊಬ್ಬರ ಬಾಗಿಲಿರುತ್ತದೆ, ಮಂಡ್ಯದ ತೊಟ್ಟಿ ಮನೆಯಲ್ಲಿ ತೊಟ್ಟಿಯಾಚೆಯ ಪಡಸಾಲೆಯಲ್ಲಿ ಅಜ್ಜಿ ಮಲಗಿರುತ್ತಾರೆ. ಮನೆಯ ನಕ್ಷೆ ಬರೆದು, ಯಾವ ದಿಕ್ಕಿಗೆ ಎಂದೂ ಹೊಡೆಯಬಾರದು ಎಂಬುದನ್ನು ಕೆಂಪು ಗೆರೆಯಲ್ಲಿ ಗುರುತಿಸಿ. ಎಲ್ಲ ದಿಕ್ಕೂ ಕೆಂಪಾದರೆ ಆ ಮನೆಗೆ ಕೋವಿ ಒಗ್ಗುವುದಿಲ್ಲ. ಆ ದುಡ್ಡಿನಲ್ಲಿ ಕಬ್ಬಿಣದ ಗ್ರಿಲ್ ಹಾಕಿಸಿ, ನಾಯಿ ಸಾಕಿ.

2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ರವರೆಗಿನ ಕಲಂಗಳು ಆತ್ಮರಕ್ಷಣೆಯ ಹಕ್ಕಿನವು. 41ನೇ ಕಲಂ ಸೂರ್ಯ ಮುಳುಗಿ ಹುಟ್ಟುವುದರೊಳಗೆ ಮನೆ ಒಡೆದು ನುಗ್ಗುವುದನ್ನು ಗಂಭೀರವಾಗಿ ಪರಿಗಣಿಸುತ್ತದೆ. ಆದರೆ 37ನೇ ಕಲಂ ಮಿತಿ ಹಾಕುತ್ತದೆ: ಪೊಲೀಸರ ನೆರವು ಪಡೆಯಲು ಸಮಯವಿದ್ದರೆ ಹಕ್ಕಿಲ್ಲ, ಬೇಕಾದ್ದಕ್ಕಿಂತ ಹೆಚ್ಚು ಹಾನಿ ಮಾಡುವಂತಿಲ್ಲ. ಓಡಿಹೋಗುತ್ತಿರುವ ತೆಂಗಿನಕಾಯಿ ಕಳ್ಳನ ಬೆನ್ನಿಗೆ ಹೊಡೆದವರು ತಾವೇ ಜೈಲಿಗೆ ಹೋಗುತ್ತಾರೆ. ಕಬ್ಬಿನ ಗದ್ದೆಯಲ್ಲಿ ಚಿರತೆ ಕಂಡರೆ ಬಾಗಿಲು ಹಾಕಿ ಅರಣ್ಯ ಇಲಾಖೆಗೆ ತಿಳಿಸಿ. ಅದನ್ನು ಓಡಿಸಲು ಕೋವಿ ತೆಗೆಯಬೇಡಿ.

ಎಣ್ಣೆ, ತುಕ್ಕು, ಆಯುಧಪೂಜೆ

ಅಡುಗೆಮನೆಯ ಕೊಬ್ಬರಿ ಎಣ್ಣೆಯನ್ನು ಕೋವಿಯ ಹತ್ತಿರವೂ ತರಬೇಡಿ. ಅದು ಸುಮಾರು 24 ಡಿಗ್ರಿಗಿಂತ ತಣ್ಣಗಾದರೆ ಗಟ್ಟಿಯಾಗುತ್ತದೆ, ಮೈಸೂರಿನ ಡಿಸೆಂಬರ್ ಬೆಳಗಿನಲ್ಲಿ ಬಾಟಲಿಯೊಳಗೆ ಬೆಳ್ಳಗೆ ಕೂರುವ ಹಾಗೆ ಬೋಲ್ಟಿನೊಳಗೂ ಕೂರುತ್ತದೆ. ಫೈರಿಂಗ್ ಪಿನ್ ಆಗ ಕುಂಟುತ್ತದೆ, ತೋಟಾದ ಕ್ಯಾಪಿನ ಮೇಲೆ ಸಣ್ಣ ಚುಕ್ಕೆ ಬೀಳುತ್ತದೆ, ಗುಂಡು ಹಾರುವುದಿಲ್ಲ. ಬಂದೂಕಿಗೆಂದೇ ಮಾಡಿದ ತೆಳು ಎಣ್ಣೆ ಪಟ್ಟಿಗಳ ಮೇಲೆ ಎರಡು ಹನಿ, ಬೋಲ್ಟ್ ಓಡುವ ಹಳಿಗಳಿಗೆ ಎರಡು ಹನಿ ಸಾಕು. ಚೇಂಬರ್ ಒಣಗಿರಬೇಕು. ಮುಂಗಾರಿನಲ್ಲಿ ಹದಿನೈದು ದಿನಕ್ಕೊಮ್ಮೆ, ಉಳಿದ ದಿನಗಳಲ್ಲಿ ತಿಂಗಳಿಗೊಮ್ಮೆ ಒರೆಸಿ. ರೆಕ್ಸಿನ್ ಚೀಲದಲ್ಲಿ ಮುಚ್ಚಿಟ್ಟರೆ ತೇವ ಒಳಗೇ ಕೂತು ತುಕ್ಕು ಹಿಡಿಸುತ್ತದೆ.

ಆಯುಧಪೂಜೆಯಂದು ಹಚ್ಚಿದ ಅರಿಶಿನ ಕುಂಕುಮದ ತೇವ, ಹೂವಿನ ರಸ ಎರಡು ದಿನ ಹಾಗೇ ಬಿಟ್ಟರೆ ನಳಿಕೆಯ ನೀಲಿ ಲೇಪ ಚುಕ್ಕೆ ಚುಕ್ಕೆಯಾಗಿ ಏಳುತ್ತದೆ. ಪೂಜೆಗೆ ಖಾಲಿ ಕೋವಿಯನ್ನೇ ಇಡಿ, ತೋಟಾ ಪೀಠದ ಹತ್ತಿರವೂ ಬೇಡ. ಆರತಿ ಮುಗಿದ ಸಂಜೆಯೇ ಒರೆಸಿ ಎಣ್ಣೆ ಕೈಯಾಡಿಸಿ.

ಇಡುವುದು

ಗೋಡೆಗೆ ಬೋಲ್ಟ್ ಹಾಕಿದ ಕಬ್ಬಿಣದ ಪೆಟ್ಟಿಗೆ ಇರಲಿ. ಟ್ರಿಗರ್ ಬೀಗವನ್ನು ಖಾಲಿ ಕೋವಿಗೆ ಮಾತ್ರ ಹಾಕಿ. ತೋಟಾ ಬೇರೆ ಬೀಗದ ಒಳಗೆ, ಸೀಲಾಗುವ ಡಬ್ಬದಲ್ಲಿ ಇರಲಿ. ಬೀಗದಕೈ ಲೈಸೆನ್ಸ್‌ದಾರರ ಬಳಿ ಮಾತ್ರ, ದೇವರಮನೆಯ ಗೂಡಿನಲ್ಲಿ ಅಲ್ಲ.

ಚುನಾವಣೆ ಘೋಷಣೆಯಾದಾಗ ಠಾಣೆಗೆ ಅಥವಾ ಡೀಲರ್ ಬಳಿ ಠೇವಣಿ ಇಡಲು ಸೂಚನೆ ಬರುತ್ತದೆ. ಮಾಡ್ಯುಲರ್ ಕೋವಿಯಾದರೆ ಟಾರ್ಚ್, ತೋಟಾ ಪಟ್ಟಿ, ಸ್ಲಿಂಗ್ ಕಳಚಿಟ್ಟುಕೊಂಡು ಒಡಲು, ನಳಿಕೆ, ಬಟ್ ಮಾತ್ರ ಕೊಡಿ. ರಸೀದಿಯಲ್ಲಿ ಕ್ರಮಸಂಖ್ಯೆ ಮತ್ತು ಕೊಟ್ಟ ಭಾಗಗಳ ಪಟ್ಟಿ ಬರೆಸಿಕೊಳ್ಳಿ. ವಾಪಸು ತಂದ ದಿನ ನಳಿಕೆಯೊಳಗೆ ಕೋಲು ಇಳಿಸಿ ಏನೂ ಸಿಕ್ಕಿಲ್ಲವೆಂದು ಖಾತ್ರಿ ಮಾಡಿಕೊಂಡು, ಒಮ್ಮೆ ಪೂರ್ತಿ ಬಿಚ್ಚಿ ಒರೆಸಿ, ಡಮ್ಮಿ ತೋಟಾ ಓಡಿಸಿದ ಮೇಲೆ ಪೆಟ್ಟಿಗೆಗೆ ಸೇರಿಸಿ.